ನಿವೃತ್ತಿ ಆದಾಯ ಯೋಜಕರಾಗುವುದು ಹೇಗೆ?

ಮೂರು ದಶಕ ದುಡಿದವರ ಕೈಗೆ ನಿವೃತ್ತಿಯ ಹೊತ್ತಿಗೆ ಭವಿಷ್ಯನಿಧಿ, ಗ್ರಾಚ್ಯುಟಿ, ರಜೆ ನಗದೀಕರಣದ ಹಣ ಒಟ್ಟಿಗೇ ಬಂದು ಬೀಳುತ್ತದೆ. ಅಷ್ಟು ದೊಡ್ಡ ಇಡುಗಂಟನ್ನು ಅವರಲ್ಲಿ ಬಹಳಷ್ಟು ಮಂದಿ ಅದುವರೆಗೆ ಕಂಡೇ ಇರುವುದಿಲ್ಲ. ವಿಮೆ ಏಜೆಂಟರು, ಬ್ಯಾಂಕಿನವರು, ನಿವೇಶನ ತೋರಿಸುವ ದೂರದ ನೆಂಟರು ಬಾಗಿಲು ತಟ್ಟುವುದೂ ಆಗಲೇ. ಆ ಹಣವನ್ನು ದಂಪತಿ ಬದುಕಿರುವಷ್ಟು ಕಾಲ ತಿಂಗಳು ತಿಂಗಳೂ ಬರುವ ಆದಾಯವಾಗಿ ಮಾಡಿಕೊಡುವುದು ನಿವೃತ್ತಿ ಆದಾಯ ಯೋಜಕರ ಕೆಲಸ. ಕೂಡಿಡುವುದನ್ನು ಕಲಿಸುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಕೂಡಿಟ್ಟಿದ್ದನ್ನು ಅಳೆದು ಖರ್ಚು ಮಾಡುವುದನ್ನು ಕಲಿಸುವವರು ತೀರ ಕಡಿಮೆ. ಈ ವೃತ್ತಿಗೆ ಬರಲು ಮನಸ್ಸಿರುವವರಿಗಾಗಿ ಈ ಲೇಖನ.

ಮೊದಲು ನಿರ್ಧರಿಸಿ: ನಿಮಗೆ ಹಣ ಕೊಡುವವರು ಯಾರು?

ಇಲ್ಲಿ ಎರಡು ದಾರಿಗಳಿವೆ. ಮ್ಯೂಚುವಲ್ ಫಂಡ್ ವಿತರಕರಾದರೆ ಫಂಡ್ ಕಂಪನಿಯಿಂದ ಕಮಿಷನ್ ಬರುತ್ತದೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿತ ಹೂಡಿಕೆ ಸಲಹೆಗಾರರಾದರೆ ಗ್ರಾಹಕರೇ ಶುಲ್ಕ ಕೊಡುತ್ತಾರೆ. ಒಂದೇ ಕುಟುಂಬಕ್ಕೆ ಸಲಹೆಯನ್ನೂ ಕೊಟ್ಟು ಕಮಿಷನ್ನನ್ನೂ ಪಡೆಯುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ನನ್ನ ಮಟ್ಟಿಗೆ, ನಿವೃತ್ತರ ಜೊತೆ ಕೆಲಸ ಮಾಡುವವರಿಗೆ ಎರಡನೆಯ ದಾರಿಯೇ ಸರಿ. ಅರುವತ್ತು ದಾಟಿದವರಿಗೆ ಹಲವು ಬಾರಿ ಕೊಡಬೇಕಾದ ಸಲಹೆ ‘ಅಂಚೆ ಕಚೇರಿಗೆ ಹೋಗಿ ಠೇವಣಿ ಇಡಿ’ ಎನ್ನುವುದು. ಕಮಿಷನ್ ನೆಚ್ಚಿಕೊಂಡವರ ಬಾಯಲ್ಲಿ ಆ ಮಾತು ಸುಲಭವಾಗಿ ಬರುವುದಿಲ್ಲ.

ಪರೀಕ್ಷೆ ಮತ್ತು ನೋಂದಣಿ

ಹೂಡಿಕೆ ಸಲಹೆಗಾರರ ನಿಯಮಾವಳಿ ಜಾರಿಗೆ ಬಂದದ್ದು 2013ರಲ್ಲಿ. ಸ್ನಾತಕೋತ್ತರ ಪದವಿ ಮತ್ತು ಐದು ವರ್ಷಗಳ ಅನುಭವ ಬೇಕೆಂಬ ಷರತ್ತನ್ನು ಸೆಬಿ 2024ರ ಡಿಸೆಂಬರ್‌ನಲ್ಲಿ ಕೈಬಿಟ್ಟು, ಅರ್ಹತೆಯನ್ನು ಪದವಿಯ ಮಟ್ಟಕ್ಕೆ ಇಳಿಸಿತು. ಹೊಸಬರಿಗೆ ಇದು ದೊಡ್ಡ ಅನುಕೂಲ. ಸೆಬಿ ಸ್ಥಾಪಿಸಿದ ತರಬೇತಿ ಸಂಸ್ಥೆ ಎನ್‌ಐಎಸ್‌ಎಂ ನಡೆಸುವ ಹತ್ತನೇ ಸರಣಿಯ ‘ಎ’ ಮತ್ತು ‘ಬಿ’ ಪರೀಕ್ಷೆಗಳೆರಡನ್ನೂ ಪಾಸು ಮಾಡಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದರಿಂದ ಊಹಿಸಿ ಬರೆಯುವುದು ಬೇಡ. ಅದೇ ಸಂಸ್ಥೆ ನಿವೃತ್ತಿ ಸಲಹೆಗಾರರಿಗೆಂದೇ ಹದಿನೇಳನೇ ಸರಣಿಯ ಪರೀಕ್ಷೆಯನ್ನೂ ನಡೆಸುತ್ತದೆ. ಹಣಕಾಸು ಯೋಜಕರ ಅಂತರರಾಷ್ಟ್ರೀಯ ಪ್ರಮಾಣಪತ್ರವಾದ ಸಿಎಫ್‌ಪಿ ಮಾಡಿಕೊಂಡರೆ ತೆರಿಗೆ, ವಿಮೆ, ಉಯಿಲಿನ ವಿಷಯಗಳೂ ಒಟ್ಟಿಗೆ ಕೈಹಿಡಿಯುತ್ತವೆ.

ಪಿಂಚಣಿಯ ನಕ್ಷೆ ಬಾಯಿಪಾಠವಾಗಲಿ

ನಿಮ್ಮೆದುರು ಕುಳಿತವರು ಯಾವ ವರ್ಷ, ಎಲ್ಲಿ ಕೆಲಸಕ್ಕೆ ಸೇರಿದರು ಎಂದು ಕೇಳಿದರೆ ಅರ್ಧ ಕಥೆ ತಿಳಿಯುತ್ತದೆ. ಕೇಂದ್ರ ಸರ್ಕಾರದ ನೌಕರರಾದರೆ 2004ರ ಜನವರಿ 1, ಕರ್ನಾಟಕ ಸರ್ಕಾರದವರಾದರೆ 2006ರ ಏಪ್ರಿಲ್ 1 ಗಡಿರೇಖೆ. ಅದಕ್ಕೆ ಮೊದಲು ಸೇರಿದವರಿಗೆ ತುಟ್ಟಿಭತ್ಯೆಯೊಂದಿಗೆ ಏರುವ ಹಳೆಯ ಪಿಂಚಣಿ, ನಂತರದವರಿಗೆ ವಂತಿಗೆ ಆಧಾರಿತ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್. ಖಾಸಗಿ ಕಾರ್ಖಾನೆಯವರದು ಭವಿಷ್ಯನಿಧಿಯ ಜೊತೆಗೆ ಬರುವ ನೌಕರರ ಪಿಂಚಣಿ ಯೋಜನೆ, ಅಂದರೆ ಇಪಿಎಸ್-95. ಅದರಲ್ಲಿ ಪಿಂಚಣಿಯ ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿಯೇ ತಿಂಗಳಿಗೆ 15,000 ರೂಪಾಯಿ. ಹೀಗಾಗಿ ಪೂರ್ಣ ವೇತನದ ಮೇಲೆ ಹೆಚ್ಚಿನ ಪಿಂಚಣಿ ಪಡೆಯುವ ಆಯ್ಕೆ ಸಿಗದವರಿಗೆ ತಿಂಗಳಿಗೆ 7,500 ರೂಪಾಯಿ ದಾಟುವುದು ಅಪರೂಪ. ಅದರಲ್ಲಿ ತುಟ್ಟಿಭತ್ಯೆಯೂ ಇಲ್ಲ. ಯೋಜಕರ ಅಗತ್ಯ ಅತಿ ಹೆಚ್ಚಾಗಿರುವುದು ಇವರಿಗೇ.

ಕಾಗದದ ಮೇಲೆ ಒಂದು ಕುಟುಂಬ

ಪೀಣ್ಯದ ಕಾರ್ಖಾನೆಯೊಂದರಿಂದ ನಿವೃತ್ತರಾದವರು ಎಂದಿಟ್ಟುಕೊಳ್ಳೋಣ. ಇಡುಗಂಟು 60 ಲಕ್ಷ ರೂಪಾಯಿ, ಮನೆಖರ್ಚು ತಿಂಗಳಿಗೆ 40,000, ಇಪಿಎಸ್ ಪಿಂಚಣಿ 5,000. ಅಂದರೆ 35,000 ಹೊಂದಿಸಬೇಕು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಗರಿಷ್ಠ ಮಿತಿಯಾದ 30 ಲಕ್ಷ ಇಟ್ಟರೆ, 2025ರ ಶೇ 8.2 ದರದಲ್ಲಿ ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ. ತಿಂಗಳಿಗೆ 20,500 ಆಯಿತು. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಜಂಟಿಯಾಗಿ 15 ಲಕ್ಷ ಇಟ್ಟರೆ ಶೇ 7.4ರಂತೆ 9,250. ಇನ್ನೂ 5,250 ಕಡಿಮೆ ಬೀಳುತ್ತದೆ. ಉಳಿದ 15 ಲಕ್ಷದಿಂದ ವರ್ಷಕ್ಕೆ 63,000 ತೆಗೆದರೆ ಅದು ಶೇ 4.2. ಈ ವರ್ಷದ ಲೆಕ್ಕ ಕೂಡಿತು.

ನಿಮ್ಮ ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಅದೇ ಮನೆಯ ಖರ್ಚು 80,000 ಆಗುತ್ತದೆ. ಎರಡೂ ಠೇವಣಿಗಳ ಬಡ್ಡಿ ಒಂದು ರೂಪಾಯಿಯೂ ಏರುವುದಿಲ್ಲ, ಐದು ವರ್ಷದ ಬಳಿಕ ಹೊಸ ದರ ಇನ್ನೂ ಕಡಿಮೆ ಇರಬಹುದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಹಿರಿಯರು ಅಂದದ್ದು ಈ ಲೆಕ್ಕವನ್ನೇ. ಆದ್ದರಿಂದ ಉಳಿದ 15 ಲಕ್ಷದಲ್ಲಿ ಒಂದು ಪಾಲು ಷೇರು ಆಧಾರಿತ ಫಂಡ್‌ನಲ್ಲಿ ಬೆಳೆಯಬೇಕು. ಪೇಟೆ ಕುಸಿದ ವರ್ಷವೇ ಅದನ್ನು ಮಾರಬೇಕಾಗಿ ಬಂದರೆ ಗಂಟು ಬೇಗ ಕರಗುತ್ತದೆ. ಹೀಗಾಗಿ ಎರಡು ಮೂರು ವರ್ಷ ಫಂಡ್‌ನಿಂದ ತೆಗೆಯಬೇಕಾದ ಮೊತ್ತವನ್ನು ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಇಡಬೇಕು. ವರ್ಷಕ್ಕೆ ಶೇ 4ರಷ್ಟು ತೆಗೆಯುವ ಸೂತ್ರವನ್ನು 1994ರಲ್ಲಿ ಮುಂದಿಟ್ಟ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಅವರು ಲೆಕ್ಕ ಹಾಕಿದ್ದು ಅಮೆರಿಕದ ಪೇಟೆ ಮತ್ತು ಹಣದುಬ್ಬರದ ಇತಿಹಾಸದ ಮೇಲೆ. ಅದನ್ನು ಇಲ್ಲಿ ಕಣ್ಣುಮುಚ್ಚಿ ಒಪ್ಪಿಸಬೇಡಿ.

ಮೊದಲ ಭೇಟಿ: ಮನೆಯಾಕೆಯೂ ಇರಲಿ

ಗಂಡ ಒಬ್ಬರೇ ಬಂದರೆ ನಯವಾಗಿ ಇನ್ನೊಂದು ದಿನ ಕೊಡಿ. ‘ನಮಗೇನು, ಮೂವತ್ತು ಸಾವಿರದಲ್ಲಿ ಆಗುತ್ತದೆ’ ಎಂದು ಅವರು ಹೇಳುತ್ತಾರೆ. ಹಾಲು, ಸಿಲಿಂಡರ್, ಸಕ್ಕರೆ ಕಾಯಿಲೆಯ ಮಾತ್ರೆ, ನೆಂಟರ ಮದುವೆಯ ಉಡುಗೊರೆ, ಬಾಣಂತನಕ್ಕೆ ಬರುವ ಮಗಳು ಎಲ್ಲವನ್ನೂ ಸೇರಿಸಿ ನಲವತ್ತು ಸಾವಿರ ಎಂದು ತಿದ್ದುವವರು ಪಕ್ಕದಲ್ಲಿರಬೇಕು. ಗಂಡನ ನಂತರ ಆಕೆಗೆ ಎಷ್ಟು ಬರುತ್ತದೆ ಎಂಬುದನ್ನು ಆಕೆಯ ಎದುರೇ ಬರೆದು ತೋರಿಸಿ. ನಮ್ಮ ಉದಾಹರಣೆಯಲ್ಲಿ 5,000ದ ಇಪಿಎಸ್ ಪಿಂಚಣಿ ಆಕೆಗೆ ಅರ್ಧವಾಗುತ್ತದೆ. ಈ ಪ್ರಶ್ನೆಯನ್ನು ಬಿಟ್ಟು ಮಾಡಿದ ಯೋಜನೆಯನ್ನು ನಾನು ಯೋಜನೆ ಎಂದೇ ಕರೆಯಲಾರೆ.

ಆರೋಗ್ಯ ವಿಮೆಯನ್ನೂ ಅಂದೇ ಕೇಳಿ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ನೌಕರಿಯ ಜೊತೆಗೇ ಮುಗಿಯುತ್ತದೆ. ಹೊಸ ಪಾಲಿಸಿಯನ್ನು ನಿವೃತ್ತಿಗೆ ಕೆಲವು ವರ್ಷ ಮೊದಲೇ ಮಾಡಿಸಿದ್ದರೆ, ಇರುವ ಕಾಯಿಲೆಗಳ ಕಾಯುವ ಅವಧಿ ಅಷ್ಟರಲ್ಲಿ ಕಳೆದಿರುತ್ತದೆ.

ಸಂಪಾದನೆ ಮತ್ತು ವರ್ಷದ ದಿನಚರಿ

ನಿಗದಿತ ಶುಲ್ಕವಾದರೆ ಒಂದು ಕುಟುಂಬದಿಂದ ವರ್ಷಕ್ಕೆ ಗರಿಷ್ಠ 1.51 ಲಕ್ಷ ರೂಪಾಯಿ ಪಡೆಯಬಹುದು. ನಿವೃತ್ತರು ಅಷ್ಟು ಕೊಡಲಾರರು, ಕೇಳಲೂಬಾರದು. ತಲಾ 15,000 ಕೊಡುವ 60 ಕುಟುಂಬಗಳಿದ್ದರೆ ಕಚೇರಿ ಖರ್ಚು ಕಳೆಯುವ ಮುನ್ನ ಒಂಬತ್ತು ಲಕ್ಷ. ಅಷ್ಟು ಕುಟುಂಬಗಳ ನಂಬಿಕೆ ಗಳಿಸಲು ವರ್ಷಗಳೇ ಬೇಕು, ಅಲ್ಲಿಯವರೆಗೆ ಮನೆ ನಡೆಸುವ ಹಣ ಕೈಯಲ್ಲಿಟ್ಟುಕೊಂಡೇ ಇಳಿಯಿರಿ.

ಏಪ್ರಿಲ್‌ನಲ್ಲಿ ಬಡ್ಡಿಗೆ ತೆರಿಗೆ ಕಡಿತವಾಗದಂತೆ ಸ್ವಯಂಘೋಷಣೆ ಸಲ್ಲಿಸಲು ಅರ್ಹರಾದವರಿಗೆ ನೆನಪಿಸಬೇಕು. ಜುಲೈ ಬಂದರೆ ರಿಟರ್ನ್ಸ್. ನವೆಂಬರ್ ಸರ್ಕಾರಿ ಪಿಂಚಣಿದಾರರ ಜೀವಿತ ಪ್ರಮಾಣಪತ್ರದ ತಿಂಗಳು. ಬೆರಳಚ್ಚು ಮಾಸಿದವರಿಗೆ ಮೊಬೈಲ್‌ನಲ್ಲಿ ಮುಖಚಹರೆಯಿಂದ ಅದನ್ನು ಮಾಡಿಸುವ ವ್ಯವಸ್ಥೆ ಇದೆ, ಪಕ್ಕದಲ್ಲಿ ಕುಳಿತು ಮಾಡಿಕೊಡಿ. ವರ್ಷಕ್ಕೊಮ್ಮೆ ಪಾಸ್‌ಬುಕ್, ಪಾಲಿಸಿ, ಫಂಡ್ ಎಲ್ಲವನ್ನೂ ಮೇಜಿನ ಮೇಲೆ ಹರಡಿ ನಾಮಿನಿಯ ಹೆಸರು ಓದಿಸಿ. ಮದುವೆಗೆ ಮುಂಚೆ ಮಾಡಿಸಿದ ಪಾಲಿಸಿಯಲ್ಲಿ ತೀರಿಹೋದ ತಾಯಿಯ ಹೆಸರೇ ಉಳಿದಿದ್ದರೆ, ಬದಲಾವಣೆಯ ಅರ್ಜಿಯನ್ನು ಅಂದೇ ತುಂಬಿಸಿ ಸಹಿ ಹಾಕಿಸಿಕೊಳ್ಳಿ.