ಹೊಸ ನಗರದಲ್ಲಿ ನಮ್ಮದೆನ್ನುವ ಒಂದು ಹೋಟೆಲು: ಹುಡುಕುವುದು ಹೇಗೆ?

ಹೊಸ ನಗರಕ್ಕೆ ಬಂದಿಳಿದವರಿಗೆ ಹೆಸರಾಂತ ಹೋಟೆಲುಗಳ ವಿಳಾಸ ಸಿಗುವುದು ಕಷ್ಟವಲ್ಲ. ಮೊಬೈಲ್ ತೆರೆದರೆ ಹತ್ತು ಪಟ್ಟಿಗಳು ತಾವಾಗಿಯೇ ಎದುರಿಗೆ ಬರುತ್ತವೆ. ಸುಲಭಕ್ಕೆ ಸಿಗದಿರುವುದು ಇನ್ನೊಂದು ಬಗೆಯ ಜಾಗ: ವಾರದ ನಡುವೆ, ದಣಿದ ಸಂಜೆಯಲ್ಲಿ, ಇದ್ದ ಬಟ್ಟೆಯಲ್ಲೇ ಹೋಗಿ ಕೂರಬಹುದಾದ, ಮೇಜನ್ನು ಮೊದಲೇ ಕಾದಿರಿಸಬೇಕಾಗಿಲ್ಲದ, ಒಬ್ಬರೇ ಹೋದರೂ ಯಾರೂ ತಿರುಗಿ ನೋಡದ ಹೋಟೆಲು ಅಥವಾ ಬಾರು. ಇಂಥ ಜಾಗಗಳು ಜಾಹೀರಾತಿನ ಗೋಜಿಗೆ ಹೋಗುವುದು ಕಡಿಮೆ, ಏಕೆಂದರೆ ಅವುಗಳ ಗಿರಾಕಿಗಳು ಅಕ್ಕಪಕ್ಕದ ಬೀದಿಗಳಲ್ಲೇ ವಾಸವಾಗಿರುತ್ತಾರೆ. ಆದ್ದರಿಂದ ಹುಡುಕುವವರು 'ಇಲ್ಲಿ ಊಟ ಎಷ್ಟು ಚೆನ್ನಾಗಿದೆ' ಎಂದು ಕೇಳಿಕೊಳ್ಳುವ ಮೊದಲು 'ಇಲ್ಲಿಗೆ ಬಂದವರು ಮತ್ತೆ ಬರುತ್ತಾರೆಯೇ' ಎಂದು ಕೇಳಿಕೊಳ್ಳುವುದು ಒಳ್ಳೆಯದು. ಮುಂದೆ ಹೇಳುವ ಹಂತಗಳೆಲ್ಲ ಈ ಒಂದು ಪ್ರಶ್ನೆಯನ್ನು ಬೇರೆ ಬೇರೆ ಕಡೆಯಿಂದ ಕೇಳುವ ದಾರಿಗಳು. (ಹೋಟೆಲು ಎಂದಾಗಲೆಲ್ಲ ಇಲ್ಲಿ ಊಟದ ಹೋಟೆಲು ಎಂದೇ ಅರ್ಥ, ತಂಗುವ ಲಾಡ್ಜ್ ಅಲ್ಲ.)

ಮೊದಲು ಬಡಾವಣೆ, ಆಮೇಲೆ ಬಾಗಿಲು

ನಕ್ಷೆಯಲ್ಲಿ ನೇರವಾಗಿ ಹೋಟೆಲನ್ನು ಹುಡುಕುವುದು ಹೆಚ್ಚಿನವರು ಮಾಡುವ ತಪ್ಪು. ಮೊದಲು ಗುರುತಿಸಬೇಕಾದದ್ದು ಜನ ವಾಸ ಮಾಡುವ ಬಡಾವಣೆಯನ್ನು. ಪ್ರವಾಸಿಗರು ಸೇರುವ ಚೌಕದ ಎದುರಿಗಿರುವ ಹೋಟೆಲಿಗೆ ಪ್ರತಿದಿನ ಹೊಸ ಮುಖಗಳು ಬರುತ್ತವೆ. ಇಂದು ಬಂದವರು ನಾಳೆ ಬೇರೆ ಊರಿನಲ್ಲಿರುತ್ತಾರೆ. ಅಲ್ಲಿ ಊಟ ಕೆಟ್ಟದಾಗಿದ್ದರೂ ವ್ಯಾಪಾರ ನಿಲ್ಲುವುದಿಲ್ಲ, ಮೇಲಾಗಿ ಅಂಥ ಜಾಗದ ದೊಡ್ಡ ಬಾಡಿಗೆಯನ್ನು ಬಿಲ್ಲಿನಲ್ಲೇ ವಸೂಲು ಮಾಡಬೇಕಾಗುತ್ತದೆ. ಎರಡು ತಿರುವು ಆಚೆಗಿನ ಅಡ್ಡರಸ್ತೆಯ ಹೋಟೆಲಿನ ಲೆಕ್ಕವೇ ಬೇರೆ. ಅಲ್ಲಿ ದಾರಿಹೋಕರು ಕಡಿಮೆ, ಬಾಡಿಗೆಯೂ ಕಡಿಮೆ, ಆದರೆ ಅದೇ ಇನ್ನೂರು ಮುನ್ನೂರು ಮನೆಗಳ ಜನ ವಾರಕ್ಕೊಮ್ಮೆಯಾದರೂ ಬಾರದಿದ್ದರೆ ಒಲೆ ಹೊತ್ತಿಸುವುದೇ ದಂಡ.

ಹಾಗಾಗಿ ನೀವು ಉಳಿದುಕೊಂಡಿರುವ ಜಾಗದಿಂದ 15 ನಿಮಿಷದಲ್ಲಿ ನಡೆದು ಮುಟ್ಟಬಹುದಾದ ಒಂದು ವೃತ್ತವನ್ನು ಮನಸ್ಸಿನಲ್ಲೇ ಎಳೆದುಕೊಳ್ಳಿ. ಗಂಟೆಗೆ 5 ಕಿಲೋಮೀಟರಿನ ಸಾಮಾನ್ಯ ನಡಿಗೆಯಲ್ಲಿ ಅದು ಒಂದೂಕಾಲು ಕಿಲೋಮೀಟರಿನಷ್ಟಾಗುತ್ತದೆ. ಅದಕ್ಕಿಂತ ದೂರದ ಜಾಗ ಎಷ್ಟೇ ಚೆನ್ನಾಗಿದ್ದರೂ ಅದು ವಿಶೇಷ ದಿನದ ಜಾಗವಾಗುತ್ತದೆಯೇ ಹೊರತು ದಿನನಿತ್ಯದ್ದಾಗುವುದಿಲ್ಲ. ಈ ವೃತ್ತದೊಳಗೆ ದಿನಸಿ ಅಂಗಡಿ, ಔಷಧಿ ಅಂಗಡಿ, ಕ್ಷೌರದಂಗಡಿ, ಬಟ್ಟೆ ಒಗೆದುಕೊಡುವ ಅಂಗಡಿಗಳು ಎಲ್ಲಿ ಒತ್ತಾಗಿವೆ ಎಂದು ನೋಡಿ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎನ್ನುವ ಗಾದೆಯಲ್ಲಿ ಬಾವಿಗೆ ಇರುವ ಸ್ಥಾನ ಇಂದಿನ ನಗರದಲ್ಲಿ ಈ ಅಂಗಡಿಗಳ ಸಾಲಿಗೆ ಇದೆ. ಅಲ್ಲಿ ಓಡಾಡುವವರು ನಿವಾಸಿಗಳು. ಅವರು ಉಣ್ಣುವ ಜಾಗವೂ ಬಹಳ ದೂರ ಇರಲಾರದು.

ಅದೇ ಬೀದಿ, ಬೇರೆ ಹೊತ್ತು

ಈಗ ನಡೆಯಬೇಕು, ಆದರೆ ಒಂದೇ ಸಲವಲ್ಲ. ಒಂದೇ ಬೀದಿ ಬೆಳಗ್ಗೆ, ಮಧ್ಯಾಹ್ನ ಮತ್ತು ಸಂಜೆ ಮೂರು ಬೇರೆ ಬೀದಿಗಳಾಗಿರುತ್ತದೆ. ಬೆಳಗ್ಗೆ ಮುಚ್ಚಿದ ಬಾಗಿಲಿನ ಎದುರು ತರಕಾರಿಯ ಮೂಟೆಗಳು ಇಳಿಯುತ್ತಿದ್ದರೆ ಒಳಗೆ ನಿಜವಾದ ಅಡುಗೆ ನಡೆಯುತ್ತದೆ ಎಂದು ತಿಳಿಯಬಹುದು. ಮಧ್ಯಾಹ್ನದ ಗುಂಪನ್ನು ಮಾತ್ರ ಸ್ವಲ್ಪ ಅನುಮಾನದಿಂದ ನೋಡಬೇಕು, ಅದರಲ್ಲೂ ಕಚೇರಿಗಳಿರುವ ಕಡೆ: ಅರ್ಧ ಗಂಟೆಯ ಬಿಡುವಿನಲ್ಲಿ ಉಂಡು ಹಿಂದಿರುಗಬೇಕಾದವರಿಗೆ ಹತ್ತಿರದ ಬಾಗಿಲೇ ಒಳ್ಳೆಯ ಬಾಗಿಲು, ಅದು ಅವರ ಆಯ್ಕೆಯಲ್ಲ.

ನನ್ನ ಮಟ್ಟಿಗೆ ಹೆಚ್ಚು ನಂಬಬಹುದಾದ ಪರೀಕ್ಷೆ ಮಂಗಳವಾರ ಅಥವಾ ಬುಧವಾರದ ಸಂಜೆಯದು. ಶನಿವಾರ ರಾತ್ರಿ ಯಾವ ಹೋಟೆಲಾದರೂ ತುಂಬೀತು. ವಾರದ ನಡುವೆ, ಹಬ್ಬವಲ್ಲದ ಸಂಜೆಯಲ್ಲಿ ಅರ್ಧದಷ್ಟು ಮೇಜುಗಳು ತುಂಬಿದ್ದರೆ ಅಲ್ಲಿ ಕೂತವರು ಅಭ್ಯಾಸಬಲದಿಂದ ಬಂದವರೇ. ನಡೆಯುವುದಕ್ಕೆ ಪುರುಸೊತ್ತಿಲ್ಲದಿದ್ದರೆ ಗೂಗಲ್ ಮ್ಯಾಪ್ಸ್‌ನಲ್ಲಿ ಹೆಚ್ಚು ಜನ ಹೋಗುವ ಜಾಗಗಳಿಗೆ ದಿನವಾರು, ಗಂಟೆವಾರು ಜನಸಂದಣಿಯ ಕಂಬನಕ್ಷೆ ಇರುತ್ತದೆ. ಸ್ಥಳದ ಮಾಹಿತಿ ಹಂಚಿಕೊಳ್ಳಲು ಒಪ್ಪಿದವರ ಫೋನುಗಳಿಂದ ಅದು ತಯಾರಾಗುತ್ತದೆ. ಶನಿವಾರದ ಕಂಬ ಮಾತ್ರ ಎತ್ತರವಾಗಿದ್ದು ಉಳಿದ ದಿನ ನೆಲ ಹಿಡಿದಿದ್ದರೆ ಅದು ನೀವು ಹುಡುಕುತ್ತಿರುವ ಜಾಗವಲ್ಲ.

ಜನ ಬಿಡುವಿಲ್ಲದೆ ಬರುವ ಹೊತ್ತಿನಲ್ಲಿ ಹೋಗುವುದಕ್ಕೆ ಆರೋಗ್ಯದ ಕಾರಣವೂ ಇದೆ. ಬೇಯಿಸಿದ ಆಹಾರವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿಯೋ 5 ಡಿಗ್ರಿಗಿಂತ ತಣ್ಣಗೋ ಇಡಬೇಕು, ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪಾತ್ರೆ ತುಂಬಿದಂತೆಯೇ ಬರಿದಾಗುವ ಅಡುಗೆಮನೆಯಲ್ಲಿ ಈ ನಿಯಮ ತಾನಾಗಿಯೇ ಪಾಲನೆಯಾಗುವ ಸಂಭವ ಹೆಚ್ಚು. ಗಿರಾಕಿಯಿಲ್ಲದ ಮಧ್ಯಾಹ್ನ ಮೂರೂವರೆಯ ಹೊತ್ತಿನಲ್ಲಿ ಹಾಗೆ ಹೇಳಲಾಗದು.

ಗುಂಪನ್ನು ಎಷ್ಟು ನಂಬಬೇಕು?

ಜನ ಇರುವ ಕಡೆ ಹೋಗಿ ಎಂದ ಕೂಡಲೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಜನ ಎಣಿಸುವುದಕ್ಕಿಂತ ಆ ಜನ ಹೇಗೆ ಸೇರಿದರು ಎಂಬುದನ್ನು ತಿಳಿಯುವುದು ಮುಖ್ಯ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಅಭಿಜಿತ್ ಬ್ಯಾನರ್ಜಿ 1992ರ ಒಂದು ಪ್ರಬಂಧದಲ್ಲಿ ಇದನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದರು. ಅಕ್ಕಪಕ್ಕದಲ್ಲಿ ಎರಡು ಹೋಟೆಲುಗಳಿವೆ; ಮೊದಲನೆಯದು ಎರಡನೆಯದಕ್ಕಿಂತ ಕೂದಲೆಳೆಯಷ್ಟು ಉತ್ತಮವಿರಬಹುದು ಎಂಬುದು ಎಲ್ಲರಲ್ಲಿರುವ ಸಾಮಾನ್ಯ ಅಂದಾಜು. ನೂರು ಜನರ ಪೈಕಿ 99 ಜನರಿಗೆ ಎರಡನೆಯದೇ ಒಳ್ಳೆಯದೆಂಬ ಸುಳಿವು ಖಾಸಗಿಯಾಗಿ ಸಿಕ್ಕಿದೆ. ಆದರೆ ಮೊದಲನೆಯದು ಒಳ್ಳೆಯದೆಂಬ ಸುಳಿವು ಪಡೆದ ಒಬ್ಬ ಮನುಷ್ಯ ಎಲ್ಲರಿಗಿಂತ ಮುಂಚೆ ಬಂದು ಅಲ್ಲಿ ಕೂತುಬಿಡುತ್ತಾನೆ. ಆಮೇಲೆ ಬಂದವನು ತನ್ನ ಸುಳಿವನ್ನೂ ಒಳಗೆ ಕೂತವನನ್ನೂ ತೂಗಿ ನೋಡಿ, ಎರಡೂ ಸರಿಸಮವೆಂದು ಬಗೆದು, ಮೊದಲಿನ ಅಂದಾಜಿನಂತೆ ಅವನ ಹಿಂದೆಯೇ ಹೋಗುತ್ತಾನೆ. ಹೀಗೆ ನೂರಕ್ಕೆ ನೂರೂ ಜನ ಮೊದಲನೆಯ ಹೋಟೆಲನ್ನೇ ಸೇರುತ್ತಾರೆ. ಒಂದು ಕಡೆ ಉದ್ದ ಸಾಲು, ಪಕ್ಕದಲ್ಲಿ ಖಾಲಿ ಮೇಜು. ಅಡುಗೆಯ ಗುಣಕ್ಕೂ ಆ ಸಾಲಿಗೂ ಸಂಬಂಧವೇ ಇಲ್ಲ.

ಆದ್ದರಿಂದ ಸಾಲಿನ ಉದ್ದಕ್ಕಿಂತ ಸಾಲಿನಲ್ಲಿರುವವರ ನಡವಳಿಕೆಯನ್ನು ನೋಡಿ. ಮೊಬೈಲ್ ಹಿಡಿದು ಫಲಕದ ಚಿತ್ರ ತೆಗೆಯುವವರು ಮೊದಲ ಸಲ ಬಂದವರು. ಬಾಗಿಲು ದಾಟುವಾಗಲೇ ಗಲ್ಲಾದವರತ್ತ ತಲೆಯಾಡಿಸಿ, ಮೆನುವಿನ ಕಡೆ ಕಣ್ಣು ಹಾಯಿಸದೆ ಬೇಕಾದದ್ದನ್ನು ಹೇಳುವವರು ಮರಳಿ ಬಂದವರು. ಒಬ್ಬರೇ ಕೂತು ಪತ್ರಿಕೆ ಓದುತ್ತ ಉಣ್ಣುವ ಹಿರಿಯರು, ಶಾಲೆಯ ಚೀಲದೊಂದಿಗೆ ಬಂದ ಮಕ್ಕಳು, ಕೆಲಸದ ಸಮವಸ್ತ್ರದಲ್ಲೇ ಬಂದವರು ಒಂದೇ ಕೋಣೆಯಲ್ಲಿ ಕಂಡರೆ ಹಿಂಜರಿಯದೆ ಒಳಗೆ ಹೋಗಬಹುದು.

ಅಂಕಗಳನ್ನು ಓದುವ ಬಗೆ

ಅಂತರ್ಜಾಲದ ವಿಮರ್ಶೆಗಳನ್ನು ಪೂರ್ತಿ ತಳ್ಳಿಹಾಕಬೇಕಾಗಿಲ್ಲ, ಆದರೆ ಕೊನೆಯಲ್ಲಿ ಓದಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯೆಲ್ಪ್ ತಾಣದಲ್ಲಿ ಒಂದು ನಕ್ಷತ್ರ ಹೆಚ್ಚಾದರೆ ಹೋಟೆಲಿನ ವರಮಾನ 5ರಿಂದ 9 ಪ್ರತಿಶತದಷ್ಟು ಏರುತ್ತದೆ ಎಂದು ಕಂಡುಬಂತು. ಈ ಪರಿಣಾಮ ಸರಣಿ ಹೋಟೆಲುಗಳ ಮೇಲಲ್ಲ, ಸ್ವತಂತ್ರವಾಗಿ ನಡೆಯುವ ಹೋಟೆಲುಗಳ ಮೇಲಾಗಿತ್ತು. ಒಂದು ನಕ್ಷತ್ರಕ್ಕೆ ಇಷ್ಟು ಬೆಲೆ ಇರುವಾಗ ಅದನ್ನು ಅಡ್ಡದಾರಿಯಲ್ಲಿ ಪಡೆಯಲು ಹೊರಡುವವರೂ ಇರುತ್ತಾರೆ. 2017ರಲ್ಲಿ ಊಬಾ ಬಟ್ಲರ್ ಎಂಬ ಪತ್ರಕರ್ತ ತನ್ನ ಮನೆಯ ಹಿತ್ತಲಿನ ಷೆಡ್ಡನ್ನು ಹೋಟೆಲೆಂದು ಟ್ರಿಪ್‌ಅಡ್ವೈಸರ್‌ನಲ್ಲಿ ನೋಂದಾಯಿಸಿ, ಸುಳ್ಳು ವಿಮರ್ಶೆಗಳಿಂದಲೇ ಅದನ್ನು ಲಂಡನ್ನಿನ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೆ ಏರಿಸಿ ತೋರಿಸಿದ. ಅಲ್ಲಿ ಆವರೆಗೆ ಯಾರೂ ಒಂದು ತುತ್ತನ್ನೂ ಉಂಡಿರಲಿಲ್ಲ.

ಸರಾಸರಿಗಿಂತ ಮೊದಲು ವಿಮರ್ಶೆಗಳ ಸಂಖ್ಯೆಯನ್ನು ನೋಡಬೇಕು. ಹತ್ತು ವಿಮರ್ಶೆಗಳಿಂದ 4.8 ಪಡೆದ ಹೋಟೆಲಿಗೆ ಒಬ್ಬ ಸಿಟ್ಟಿನವನು ಒಂದು ನಕ್ಷತ್ರ ಕೊಟ್ಟರೆ ಅದು 4.5ರ ಕೆಳಗಿಳಿಯುತ್ತದೆ, 900 ವಿಮರ್ಶೆಗಳಿಂದ 4.2 ಪಡೆದದ್ದು ಅದೇ ಏಟಿಗೆ 4.2ರಲ್ಲೇ ನಿಲ್ಲುತ್ತದೆ. ಎರಡನೆಯ ಅಂಕವೇ ಹೆಚ್ಚು ಗಟ್ಟಿ. ಐದು ಮತ್ತು ಒಂದು ನಕ್ಷತ್ರದ ಮಾತುಗಳನ್ನು ಬದಿಗಿಟ್ಟು ಮೂರು ನಕ್ಷತ್ರದವನ್ನು ಓದಿ. ಊಟ ಚೆನ್ನಾಗಿತ್ತು ಆದರೆ ಗದ್ದಲ ಹೆಚ್ಚು, ಬಡಿಸುವುದು ನಿಧಾನ ಎನ್ನುವಂಥ ಉಪಯುಕ್ತ ವಿವರಗಳು ಅಲ್ಲೇ ಸಿಗುತ್ತವೆ. ಹೊಸದು ಮೊದಲು ಎಂಬ ಕ್ರಮದಲ್ಲಿ ಓದುವುದನ್ನು ಮರೆಯಬೇಡಿ, ಏಕೆಂದರೆ ಅಡುಗೆಯವರು ಬದಲಾದರೂ ಹಳೆಯ ನಕ್ಷತ್ರಗಳು ಬೋರ್ಡಿನ ಜೊತೆಗೇ ಉಳಿದಿರುತ್ತವೆ. 'ಪ್ರತಿ ವಾರ ಬರುತ್ತೇವೆ' ಎಂಬ ಮಾತು ಬೇರೆ ಬೇರೆಯವರ ಬರಹದಲ್ಲಿ ಮತ್ತೆ ಮತ್ತೆ ಕಂಡರೆ ಅದಕ್ಕೆ ಯಾವ ನಕ್ಷತ್ರಕ್ಕಿಂತಲೂ ಹೆಚ್ಚು ತೂಕವಿದೆ.

ಯಾರನ್ನು, ಏನೆಂದು ಕೇಳಬೇಕು

'ಇಲ್ಲಿ ಒಳ್ಳೆಯ ಹೋಟೆಲು ಯಾವುದು?' ಎಂದು ಕೇಳಬೇಡಿ. ಈ ಪ್ರಶ್ನೆ ಎದುರಿನವರನ್ನು ಊರಿನ ಪ್ರತಿನಿಧಿಯಾಗಿಸುತ್ತದೆ. ಹೊರಗಿನವರಿಗೆ ಯಾವುದು ಹಿಡಿಸೀತು ಎಂದು ಯೋಚಿಸಿ ಅವರು ದೊಡ್ಡ ಹೆಸರೊಂದನ್ನು ಹೇಳುತ್ತಾರೆ, ತಾವು ಮಾತ್ರ ಅಲ್ಲಿಗೆ ಹೋಗಿರುವುದಿಲ್ಲ. ಅದರ ಬದಲು 'ಕೆಲಸ ಮುಗಿದ ಮೇಲೆ ನೀವು ಎಲ್ಲಿ ಊಟ ಮಾಡುತ್ತೀರಿ?' ಎಂದೋ 'ಕಳೆದ ವಾರ ಹೊರಗೆ ಉಂಡದ್ದು ಎಲ್ಲಿ?' ಎಂದೋ ಕೇಳಿದರೆ ಉತ್ತರ ಅಭಿಪ್ರಾಯವಾಗಿರದೆ ನಡೆದ ಸಂಗತಿಯಾಗಿರುತ್ತದೆ. ಕ್ಷೌರಿಕರು, ಔಷಧಿ ಅಂಗಡಿಯವರು, ಅಂಚೆಯವರು, ಆ ಬೀದಿಯಲ್ಲೇ ದಿನ ಕಳೆಯುವ ಚಾಲಕರು ಇದಕ್ಕೆ ತಕ್ಕವರು. ಲಾಡ್ಜಿನ ಸ್ವಾಗತಕಾರರ ಸಲಹೆಯ ಹಿಂದೆ ಕೆಲವೊಮ್ಮೆ ಕಮಿಷನ್ ಇರುತ್ತದೆ ಎಂಬುದು ನೆನಪಿರಲಿ. ಎಲ್ಲಕ್ಕಿಂತ ಒಳ್ಳೆಯ ಮೂಲವೆಂದರೆ ಈಗಾಗಲೇ ಹಿಡಿಸಿದ ಹೋಟೆಲಿನಲ್ಲಿ ಬಡಿಸುವವರು: ರಜೆಯ ದಿನ ಅವರು ಎಲ್ಲಿ ಉಣ್ಣುತ್ತಾರೆ ಎಂದು ಕೇಳಿ ನೋಡಿ.

ಒಳಗೆ ಹೋದ ಮೇಲೆ

ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ಮನೆಯೂ ಅಲ್ಲದ, ಕೆಲಸದ ಜಾಗವೂ ಅಲ್ಲದ ಇಂಥ ಕೂಡುದಾಣಗಳನ್ನು 'ಮೂರನೆಯ ಜಾಗ' ಎಂದು ಕರೆದರು. ಅವುಗಳಿಗೆ ಅವರು ಹೇಳಿದ ಲಕ್ಷಣಗಳಲ್ಲಿ ಮುಖ್ಯವಾದವು ಮೂರು: ಮಾತೇ ಅಲ್ಲಿನ ಪ್ರಧಾನ ವ್ಯವಹಾರ, ಜಾಗಕ್ಕೆ ಗುಣ ಬರುವುದು ಕಾಯಂ ಗಿರಾಕಿಗಳಿಂದ, ಮತ್ತು ನೋಡಲು ಅದು ತೀರ ಸಾದಾ. ಈ ಮೂರನೆಯ ಲಕ್ಷಣವನ್ನು ನಾನು ಬಹಳ ತಡವಾಗಿ ಕಲಿತೆ. ಹಿಂದೊಮ್ಮೆ ಹೊಸ ಊರಿನಲ್ಲಿದ್ದಾಗ ನಾನಿದ್ದ ಬೀದಿಯಲ್ಲೇ ಇದ್ದ ಒಂದು ಹೋಟೆಲನ್ನು ಅದರ ಬಣ್ಣಗೆಟ್ಟ ಬೋರ್ಡು ನೋಡಿ ಎರಡು ತಿಂಗಳು ದಾಟಿಕೊಂಡು ಹೋಗಿದ್ದೆ. ಮಳೆಗೆ ಸಿಕ್ಕಿ ಒಳಗೆ ಹೊಕ್ಕ ಮೇಲೆ ಆ ಊರು ಬಿಡುವವರೆಗೂ ವಾರಕ್ಕೆ ನಾಲ್ಕು ದಿನ ಅಲ್ಲೇ ಉಂಡೆ. ಬೋರ್ಡು ಹಳೆಯದಾಗಿರಬಹುದು, ಮೇಜು, ಲೋಟ, ಕೈ ತೊಳೆಯುವ ಜಾಗ ಮತ್ತು ಶೌಚಾಲಯ ಮಾತ್ರ ಚೊಕ್ಕಟವಾಗಿರಬೇಕು.

ಮೆನು ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಹತ್ತು ಪುಟಗಳ ಮೆನುವಿನಲ್ಲಿರುವುದನ್ನೆಲ್ಲ ಆಯಾ ದಿನವೇ ಮಾಡಿ ಇಡುವುದು ಸಣ್ಣ ಅಡುಗೆಮನೆಗೆ ಸಾಧ್ಯವಿಲ್ಲ. ಮೊದಲ ದಿನ 'ಬಿಸಿ ಏನಿದೆ?' ಎಂದು ಕೇಳಿ, ಹೇಳಿದ್ದನ್ನು ಸ್ವಲ್ಪವೇ ತರಿಸಿಕೊಳ್ಳಿ. ಆ ದಿನ ಹೆಚ್ಚು ಖರ್ಚಾಗುತ್ತಿರುವುದೇ ನಿಮ್ಮ ಮುಂದೆ ಬರುತ್ತದೆ.

ಬಾರಿನ ವಿಷಯ

ಬಾರನ್ನು ಹುಡುಕುವಾಗಲೂ ಕ್ರಮ ಇದೇ, ಆದರೆ ಎಚ್ಚರ ಹೆಚ್ಚು ಬೇಕು. ಮೊದಲ ಸಲ ಸಂಜೆ ಬೇಗ, ಇನ್ನೂ ಗದ್ದಲವಿಲ್ಲದ ಹೊತ್ತಿನಲ್ಲಿ ಹೋಗಿ ಕೌಂಟರಿನ ಹತ್ತಿರ ಕೂರಿ. ಸುರಿಯುವವರ ಕೈಯೂ ಬರುವವರ ಮುಖವೂ ಕಾಣುವುದು ಅಲ್ಲಿಂದಲೇ. ಒಬ್ಬಂಟಿಯಾಗಿ ಬಂದ ಹೆಂಗಸರು ನಿರಾಳವಾಗಿ ಕೂತಿದ್ದಾರೆಯೇ, ಅಮಲು ಹೆಚ್ಚಾದವನಿಗೆ ಇನ್ನು ಕೊಡುವುದಿಲ್ಲವೆಂದು ಹೇಳುವ ಸಿಬ್ಬಂದಿ ಇದ್ದಾರೆಯೇ ಎಂಬ ಎರಡು ಸಂಗತಿಗಳಿಂದ ಜಾಗದ ಗುಣ ತಿಳಿಯುತ್ತದೆ. ಬೀದಿಯಲ್ಲಿ ನಿಂತು ಕೈಹಿಡಿದು ಕರೆಯುವವರ ಹಿಂದೆ ಹೋಗಬೇಡಿ. ದರಪಟ್ಟಿ ತೋರಿಸದೆ ಕುಡಿಸಿ, ಕೊನೆಗೆ ಊಹೆಗೂ ಮೀರಿದ ಬಿಲ್ಲನ್ನು ಮುಂದಿಡುವ ಮೋಸ ಎಷ್ಟೋ ದೇಶಗಳಲ್ಲಿ ಹೀಗೆಯೇ ಶುರುವಾಗುತ್ತದೆ. ಕಲಬೆರಕೆ ಮದ್ಯದಲ್ಲಿ ಸೇರಿರಬಹುದಾದ ಮೆಥನಾಲ್ ಕಣ್ಣನ್ನೂ ಪ್ರಾಣವನ್ನೂ ತೆಗೆಯಬಲ್ಲದು, ಅದನ್ನು ರುಚಿಯಿಂದ ಗುರುತಿಸಲಾಗದು. ಆದ್ದರಿಂದ ಪರಿಚಯವಿಲ್ಲದ ಕಡೆ ಮೊಹರನ್ನು ನಿಮ್ಮ ಎದುರಿಗೇ ಒಡೆದ ಬಾಟಲಿಯನ್ನಷ್ಟೇ ಒಪ್ಪಿಕೊಳ್ಳಿ, ಲೋಟವನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಿ.

ಹಿಂದಿರುಗುವ ದಾರಿಯನ್ನು ಒಳಗೆ ಹೋಗುವ ಮೊದಲೇ ನಿಶ್ಚಯಿಸಿಕೊಳ್ಳಿ: ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ನಡೆಯುವುದಾದರೆ ಬೀದಿದೀಪ ಇದೆಯೇ. ವಾಹನ ಓಡಿಸುವವರು ಕುಡಿಯಲೇಬಾರದು. ಅಂದಹಾಗೆ, ಬಾರಿಗೆ ಹೋದವರೆಲ್ಲ ಕುಡಿಯಲೇಬೇಕೆಂಬ ಕಟ್ಟಳೆಯೇನಿಲ್ಲ. ನಿಂಬೆ ಹಿಂಡಿದ ಸೋಡಾ ಹಿಡಿದು ಎರಡು ಗಂಟೆ ಕೂತವರನ್ನು ಒಳ್ಳೆಯ ಬಾರು ಎಬ್ಬಿಸುವುದಿಲ್ಲ.

ಮೂರು ಸಲ ಹೋಗಿ

ಒಂದೇ ಭೇಟಿಯಿಂದ ತೀರ್ಮಾನಿಸಬೇಡಿ. ಎರಡನೆಯ ಸಲ ಬೇರೆ ದಿನ, ಬೇರೆ ಹೊತ್ತಿಗೆ ಹೋಗಿ ಬೇರೇನಾದರೂ ತರಿಸಿಕೊಳ್ಳಿ. ಮೂರನೆಯ ಸಲ ಮೊದಲು ತಿಂದದ್ದನ್ನೇ ಕೇಳಿ, ರುಚಿ ಅದೇ ಇದೆಯೇ ಎಂದು ನೋಡಿ. ಎಷ್ಟು ಹೊಸ ಜಾಗಗಳನ್ನು ಪ್ರಯತ್ನಿಸಬೇಕೆಂಬುದು ಎಷ್ಟು ದಿನ ಇರುತ್ತೀರಿ ಎಂಬುದರ ಮೇಲೆ ನಿಂತಿದೆ. ವರ್ಷವಿಡೀ ಇರುವವರು ಮೊದಲ ಎರಡು ತಿಂಗಳು ಧಾರಾಳವಾಗಿ ಸುತ್ತಬಹುದು, ಏಕೆಂದರೆ ಸಿಕ್ಕ ಒಳ್ಳೆಯ ಜಾಗವನ್ನು ಅನುಭವಿಸಲು ಮುಂದೆ ಹತ್ತು ತಿಂಗಳಿವೆ. ಮೂರೇ ದಿನಕ್ಕೆ ಬಂದವರು ಎರಡನೆಯ ದಿನ ಹಿಡಿಸಿದಲ್ಲಿಗೇ ಮೂರನೆಯ ದಿನವೂ ಹೋಗುವುದು ಜಾಣತನ.

ನೋಡಿಬಂದ ಜಾಗಗಳನ್ನು ಮೊಬೈಲಿನ ನಕ್ಷೆಯಲ್ಲಿ ಗುರುತು ಹಾಕಿಡಿ. ಗುರುತಿನ ಪಕ್ಕದಲ್ಲಿ ಅಂಕ ಬರೆಯುವ ಅಗತ್ಯವಿಲ್ಲ; ವಾರದ ರಜೆ ಯಾವ ದಿನ, ಅಡುಗೆಮನೆ ಮುಚ್ಚುವುದು ಎಷ್ಟು ಹೊತ್ತಿಗೆ, ನಗದು ಮಾತ್ರವೋ ಕಾರ್ಡೂ ನಡೆಯುತ್ತದೆಯೋ ಎಂಬ ಮೂರು ವಿವರ ಸಾಕು. ಮುಚ್ಚುವ ಹೊತ್ತಿಗೆ ಅರ್ಧ ಗಂಟೆಯಷ್ಟೇ ಉಳಿದಿದ್ದರೆ ಆ ದಿನ ಹೋಗಬೇಡಿ. ಪಾತ್ರೆ ತೊಳೆಯಲು ಶುರು ಮಾಡಿದವರಿಗೆ ಆಗ ಬಂದ ಗಿರಾಕಿಯ ಮುಖ ಚೆನ್ನಾಗಿ ನೆನಪಿರುತ್ತದೆ.