ಸ್ಕೆಲಿಗ್ ಮೈಕಲ್: ದೋಣಿ ಮೊದಲ ದಿನಕ್ಕೇ ಇರಲಿ
ಐರ್ಲೆಂಡ್‌ನ ಸ್ಕೆಲಿಗ್ ಮೈಕಲ್ ದ್ವೀಪಕ್ಕೆ ಹೋಗುವವರು ದೋಣಿಯ ಟಿಕೆಟನ್ನು ಕೆರ್ರಿ (ದ್ವೀಪ ಇರುವ ಕೌಂಟಿ) ಪ್ರವಾಸದ ಮೊದಲ ದಿನಕ್ಕೇ ಕಾದಿರಿಸಿ, ಕೊನೆಯ ದಿನಕ್ಕೆ ಖಂಡಿತ ಬೇಡ. ಇಲ್ಲಿ ಒಳ್ಳೆಯ ಬಿಸಿಲಿದ್ದರೂ ದೋಣಿ ರದ್ದಾಗುತ್ತದೆ: ಅಟ್ಲಾಂಟಿಕ್‌ನಲ್ಲಿ ಎಲ್ಲೋ ದೂರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಇಲ್ಲಿನ ಬಂಡೆಗೆ ಬಂದು ಅಪ್ಪಳಿಸುತ್ತವೆ, ದೋಣಿ ಏರಿಳಿಯುತ್ತಿರುವಾಗ ಒದ್ದೆ ಮೆಟ್ಟಿಲಿನ ಮೇಲೆ ಕಾಲಿಡಲು ಆಗುವುದಿಲ್ಲ. ಆದ್ದರಿಂದ ಮಳೆಯ ಮುನ್ಸೂಚನೆಗಿಂತ ಅಲೆಯ ಎತ್ತರವನ್ನು ನೋಡಿ. ಮೊದಲ ದಿನ ತಪ್ಪಿದರೆ ಉಳಿದ ದಿನಗಳಲ್ಲಿ ದೋಣಿಗಳು ಹೊರಡುವ ಪೋರ್ಟ್‌ಮಗೀ ಊರಿನಲ್ಲಿ ಖಾಲಿ ಸೀಟಿಗೆ ಪ್ರಯತ್ನಿಸಬಹುದು. ಜುಲೈ, ಆಗಸ್ಟ್‌ನಲ್ಲಿ ಮಾತ್ರ ಈ ಉಪಾಯ ನಡೆಯುವುದು ಕಷ್ಟ. ಸೀಟುಗಳು ಬಹಳ ಮುಂಚೆಯೇ ಮುಗಿದಿರುತ್ತವೆ. ಆಗ ದ್ವೀಪದಲ್ಲಿ ಇಳಿಸದೆ ಸುತ್ತು ಹಾಕಿಸುವ ದೋಣಿಯನ್ನಾದರೂ ಹತ್ತಿ. ದ್ವೀಪದ ಹಳೆಯ ಕ್ರೈಸ್ತ ಮಠಕ್ಕೆ 600ಕ್ಕೂ ಹೆಚ್ಚಿನ ಕಲ್ಲುಮೆಟ್ಟಿಲು ಏರುವುದು ತಪ್ಪಿದರೂ, ಗ್ಯಾನೆಟ್ ಎಂಬ ಕಡಲಹಕ್ಕಿಗಳಿಂದ ಬೆಳ್ಳಗಾದ ಪಕ್ಕದ ದ್ವೀಪ ಲಿಟಲ್ ಸ್ಕೆಲಿಗ್ ಹತ್ತಿರದಿಂದ ಕಾಣುತ್ತದೆ.