ಕ್ವಾಂಟಮ್ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ: ಅರ್ಜಿಗೆ ಮೊದಲು ಹೈಡ್ರೋಜನ್ ಅಣುವನ್ನು ಎಳೆದು ನೋಡಿ

‘ಕ್ವಾಂಟಮ್ ಕಂಪ್ಯೂಟರ್ ಬಳಸಿ ಹೊಸ ಔಷಧ ಕಂಡುಹಿಡಿಯುತ್ತೇನೆ.’ ಪಿಎಚ್‌ಡಿ ಅರ್ಜಿಗಳಲ್ಲಿ ಈ ವಾಕ್ಯವನ್ನು ಎಷ್ಟೋ ಸಲ ಓದಿದ್ದೇನೆ. ಬರೆದವರು ಜಾಣರೇ. ಆದರೆ ಯಾವ ಅಣು, ಅದರ ಬಗ್ಗೆ ಏನು ತಿಳಿಯಬೇಕು ಎಂದು ಕೇಳಿದರೆ ತಡವರಿಸುತ್ತಾರೆ. ನೋಡಿ ಸಂಕಟವಾಗುತ್ತದೆ.

ಮೊದಲು ದಾರಿ ಆರಿಸಿಕೊಳ್ಳಿ. ಅಣುಗಳ ಶಕ್ತಿಯನ್ನು ಕ್ವಾಂಟಮ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಒಂದು ದಾರಿ. ಅಣುವನ್ನೇ ಕ್ಯೂಬಿಟ್ (ಕ್ವಾಂಟಮ್ ಕಂಪ್ಯೂಟರಿನ ಮಾಹಿತಿಯ ಮೂಲ ಘಟಕ) ಆಗಿಸುವುದು ಇನ್ನೊಂದು: ವೆನೇಡಿಯಂ ಸಂಕೀರ್ಣಗಳಂಥವನ್ನು ತಯಾರಿಸಿ, ಅವುಗಳ ಸ್ಪಿನ್ ಸ್ಥಿತಿ ಎಷ್ಟು ಹೊತ್ತು ಕೆಡದೆ ಉಳಿಯುತ್ತದೆಂದು ಇಪಿಆರ್ ಯಂತ್ರದಲ್ಲಿ (ಎಲೆಕ್ಟ್ರಾನ್ ಸ್ಪಿನ್ ಅನ್ನು ಕಾಂತಕ್ಷೇತ್ರದಲ್ಲಿಟ್ಟು ಪರೀಕ್ಷಿಸುವ ಉಪಕರಣ) ಅಳೆಯುವ ಕೆಲಸ. ಪ್ರಯೋಗಾಲಯದಲ್ಲಿ ಕೈ ಪಳಗಿದವರು ಎರಡನೆಯದಕ್ಕೇ ಹೋಗಿ. ಎರಡೂ ಕಡೆ ಒಂದೇ ಪ್ರಸ್ತಾವ ಕಳಿಸಲೇಬೇಡಿ.

ಮ್ಯಾಟ್ರಿಕ್ಸ್, ಐಗನ್ ಮೌಲ್ಯ, ಟೆನ್ಸರ್ ಗುಣಲಬ್ಧ ಕಲಿಯಿರಿ. ಪೈಥಾನ್ ಕಲಿಯಿರಿ.

ಲೆಕ್ಕದ ದಾರಿ ಹಿಡಿದವರು ಎಡವುವುದು ಇದರ ನಂತರ. ಗೈಡ್‌ಗೆ ಪತ್ರ ಬರೆಯುವ ಮೊದಲು ಒಂದು ಸಣ್ಣ ಲೆಕ್ಕವನ್ನು ನೀವೇ ಮಾಡಿ ಮುಗಿಸಿರಬೇಕು. ಹೈಡ್ರೋಜನ್ ಅಣು ಸಾಕು. ಪೈಎಸ್‌ಸಿಎಫ್ ಉಚಿತವಾಗಿ ಸಿಗುವ ತಂತ್ರಾಂಶ. ಎಸ್‌ಟಿಒ-3ಜಿ ಬೇಸಿಸ್ ಸೆಟ್ (ಆರ್ಬಿಟಲ್ ಬರೆಯಲು ಬಳಸುವ ಸಿದ್ಧ ಗಣಿತ ಫಲನಗಳ ಗುಂಪು) ತೆಗೆದುಕೊಂಡು, ಪರಮಾಣುಗಳ ನಡುವೆ 0.74 ಆಂಗ್‌ಸ್ಟ್ರಾಮ್ ಅಂತರವಿಟ್ಟು ಹಾರ್ಟ್ರಿ-ಫಾಕ್ ಲೆಕ್ಕ (ಪ್ರತಿ ಎಲೆಕ್ಟ್ರಾನೂ ಉಳಿದವುಗಳ ಸರಾಸರಿ ಪ್ರಭಾವವನ್ನಷ್ಟೇ ಕಾಣುತ್ತದೆಂದು ಭಾವಿಸುವ ವಿಧಾನ) ಮಾಡಿ. ಸುಮಾರು -1.117 ಹಾರ್ಟ್ರಿ (ಪರಮಾಣು ಮಟ್ಟದ ಶಕ್ತಿಯ ಏಕಮಾನ) ಬರುತ್ತದೆ. ಅದೇ ಬೇಸಿಸ್‌ನಲ್ಲಿ ಫುಲ್ ಸಿಐ (ಆ ಬೇಸಿಸ್‌ನ ಮಿತಿಯೊಳಗೆ ಪೂರ್ತಿ ನಿಖರವಾದ ಲೆಕ್ಕ) ಮಾಡಿದರೆ ಸುಮಾರು -1.137. ವ್ಯತ್ಯಾಸ 0.02 ಎಂದು ಕಡೆಗಣಿಸಬೇಡಿ. ಅದು ಮೋಲ್‌ಗೆ ಸುಮಾರು 13 ಕಿಲೊಕ್ಯಾಲರಿ. ರಸಾಯನಶಾಸ್ತ್ರಕ್ಕೆ ಬೇಕಾದ ನಿಖರತೆ 1 ಕಿಲೊಕ್ಯಾಲರಿ.

ಈಗ ಅಂತರವನ್ನು ಸ್ವಲ್ಪಸ್ವಲ್ಪವೇ 2.5 ಆಂಗ್‌ಸ್ಟ್ರಾಮ್‌ವರೆಗೆ ಎಳೆಯುತ್ತ ಎರಡೂ ಗೆರೆಗಳನ್ನು ಗ್ರಾಫಿನಲ್ಲಿ ಬರೆಯಿರಿ. ಗೆರೆಗಳು ದೂರ ಸರಿಯುತ್ತ ಹೋಗುತ್ತವೆ. ಪರಮಾಣುಗಳು ಬೇರೆಯಾದರೂ ಹಾರ್ಟ್ರಿ-ಫಾಕ್ ಎರಡು ಎಲೆಕ್ಟ್ರಾನುಗಳನ್ನು ಒಂದೇ ಆರ್ಬಿಟಲ್‌ನಲ್ಲಿ ಕೂರಿಸುತ್ತದೆ, ಅದಕ್ಕೆ. ನಿಜವಾದ ಸ್ಥಿತಿಯಲ್ಲಿ ಆ ಎಲೆಕ್ಟ್ರಾನುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ (ಕ್ವಾಂಟಮ್ ಎಂಟ್ಯಾಂಗಲ್‌ಮೆಂಟ್). ರಸಾಯನಶಾಸ್ತ್ರವೂ ಕ್ವಾಂಟಮ್ ಮಾಹಿತಿಯೂ ಕೂಡುವ ಜಾಗ ಇದೇ. ಇದನ್ನು ಕಣ್ಣಾರೆ ಕಂಡವರ ಪ್ರಸ್ತಾವ ತಾನಾಗಿಯೇ ಬದಲಾಗುತ್ತದೆ.

ಬಳಿಕ, ಎಲೆಕ್ಟ್ರಾನುಗಳ ಸಮೀಕರಣವನ್ನು ಕ್ಯೂಬಿಟ್ ಭಾಷೆಗೆ ತರುವ ಜೋರ್ಡನ್-ವಿಗ್ನರ್ ರೂಪಾಂತರದಿಂದ ಇದೇ ಅಣುವನ್ನು 4 ಕ್ಯೂಬಿಟ್‌ಗಳಿಗೆ ಇಳಿಸಿ, ಸಿಮ್ಯುಲೇಟರಿನಲ್ಲಿ ವಿಕ್ಯೂಇ (ಕ್ವಾಂಟಮ್ ಮತ್ತು ಸಾಮಾನ್ಯ ಕಂಪ್ಯೂಟರ್ ಎರಡನ್ನೂ ಬಳಸಿ ಅಣುವಿನ ಕನಿಷ್ಠ ಶಕ್ತಿ ಹುಡುಕುವ ವಿಧಾನ) ಓಡಿಸಿ. 2014ರಲ್ಲಿ ಫೋಟಾನ್ ಚಿಪ್ ಮೇಲೆ ಹೀಲಿಯಂ ಹೈಡ್ರೈಡ್ ಅಯಾನಿನ ಶಕ್ತಿ ಲೆಕ್ಕ ಹಾಕಿದ್ದು ಈ ವಿಧಾನದಿಂದಲೇ. ಬೇರೆಯವರ ಸಿದ್ಧ ಕೋಡ್ ಒತ್ತಿ, ಚಿತ್ರ ಬಂತೆಂದು ಖುಷಿಪಟ್ಟರೆ ಪ್ರಯೋಜನವಿಲ್ಲ. ಸಂದರ್ಶನದ ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ. ಎರಡು ದಿನದಲ್ಲಿ ಕ್ವಾಂಟಮ್ ಪರಿಣತರಾಗಿಸುವ ಸರ್ಟಿಫಿಕೇಟ್ ಕೋರ್ಸುಗಳಿಗೆ ದುಡ್ಡು ಸುರಿಯಬೇಡಿ. ಹೈಡ್ರೋಜನ್‌ಗೆ ಕ್ವಾಂಟಮ್ ಕಂಪ್ಯೂಟರ್ ಬೇಕಿಲ್ಲ, ಲ್ಯಾಪ್‌ಟಾಪೇ ಸಾಕು ಎಂಬುದನ್ನೂ ಪ್ರಸ್ತಾವದಲ್ಲಿ ಬರೆಯಿರಿ. ಹಾಗಾದರೆ ಯಾವ ಅಣುವಿಗೆ ಬೇಕು? ಪಿಎಚ್‌ಡಿಯ ಪ್ರಶ್ನೆ ಅಲ್ಲಿಂದ ಶುರು.

ಪತ್ರ ಹತ್ತು ಸಾಲು ಮೀರಬಾರದು. ಗೈಡ್‌ನ ಇತ್ತೀಚಿನ ಎರಡು ಪ್ರಬಂಧ ಓದಿ, ಅರ್ಥವಾಗದ ಒಂದು ಜಾಗ ಹಿಡಿದು ಕೇಳಿ, ನಿಮ್ಮ ಗ್ರಾಫ್ ಲಗತ್ತಿಸಿ. ಒಪ್ಪಿಗೆ ಬಂದ ಮೇಲೂ ಸಹಿ ಮಾಡುವ ಮುಂಚೆ ಅವರ ಹಳೆಯ ವಿದ್ಯಾರ್ಥಿಗಳಿಬ್ಬರೊಂದಿಗೆ ಮಾತಾಡಿ: ಎಷ್ಟು ವರ್ಷ ಹಿಡಿಯಿತು, ಫೆಲೋಶಿಪ್ ಕೊನೆಯವರೆಗೂ ಬಂತೇ, ಕರಡು ಓದಲು ಗೈಡ್ ಎಷ್ಟು ದಿನ ತೆಗೆದುಕೊಳ್ಳುತ್ತಿದ್ದರು.